ಕಣ್ಣಿಲ್ಲದ ಮದುಮಗ

ಚಂಬಾದಲ್ಲಿ ಹಿಮ ಬೀಳುವುದು ಅಪರೂಪ. ಸುತ್ತಲಿನ ಬೆಟ್ಟಗಳೆಲ್ಲ ಬಿಳಿ ಟೋಪಿ ಹಾಕಿಕೊಂಡು ನಿಂತರೂ ರಾವಿ ನದಿಯ ಮಗ್ಗುಲಿನ ನಮ್ಮೂರಿಗೆ ಬರುವುದು ಬರೀ ಚಳಿ. ಹಾಗಾಗಿ ಆ ಜನವರಿಯ ಶನಿವಾರ ಬೆಳಿಗ್ಗೆ ಅಂಗಳಕ್ಕೆ ಹಿಂಜಿದ ಹತ್ತಿಯಂಥದ್ದೇನೋ ಇಳಿಯತೊಡಗಿದಾಗ ನಮ್ಮ ಬೂಆ ಮೊದಲು ಬೈದದ್ದು ಮೇಲಿನ ಮನೆಯವರನ್ನು.

"ರಜಾಯಿ ಒದರ್ತಿದ್ದಾರೆ ನೋಡು, ಅದೂ ನಮ್ಮ ತಲೆ ಮೇಲೆ. ಹೇಳೋರು ಕೇಳೋರು ಯಾರೂ ಇಲ್ಲ."

"ಬೂಆ, ಅದು ಹಿಮ."

"ಹಿಮ ಆದ್ರೆ ಅವರ ಮನೆ ಮೇಲಿಂದ್ಲೇ ಯಾಕೆ ಬರ್ಬೇಕು?"

ಬೂಆ ಅಂದರೆ ನನ್ನ ಅಪ್ಪನ ತಂಗಿ. ಹೆಸರು ಸುದೇಶ್. ಅವಳ ಕಾಲದಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳಿಗೂ ಈ ಹೆಸರಿಡುತ್ತಿದ್ದರು. ಅಷ್ಟು ದೊಡ್ಡ ದೇಶವನ್ನು ಹೆಸರಲ್ಲಿ ಹೊತ್ತವಳು ಜಿಲ್ಲೆಯ ಗಡಿ ದಾಟಿದವಳಲ್ಲ. ವಯಸ್ಸೆಷ್ಟು ಎಂದು ಕೇಳಿದರೆ, ತಾನು ಹುಟ್ಟಿದ ವರ್ಷ ಯಾವ ಸೇತುವೆ ಕೊಚ್ಚಿಕೊಂಡು ಹೋಯಿತು ಎಂದು ಹೇಳಿ ಲೆಕ್ಕವನ್ನು ನಮಗೇ ಬಿಡುತ್ತಾಳೆ. ಬದುಕಿದ್ದು ರೂಮಾಲಿನ ಕಸೂತಿಯಿಂದ. ರೂಮಾಲು ಅಂದ ತಕ್ಷಣ ಮೂಗೊರೆಸುವ ಬಟ್ಟೆ ನೆನೆಸಿಕೊಂಡವರ ಮೇಲೆ ಅವಳು ಮೂಗಿನ ತುದಿಯಲ್ಲೇ ಸಿಟ್ಟಾಗುತ್ತಾಳೆ. ಇದು ಮದುವೆಯ ಹರಿವಾಣಕ್ಕೆ ಹೊದಿಸುವ ಬಿಳಿಯ ಚೌಕ. ಅದರ ಮೇಲೆ ರೇಷ್ಮೆಯ ಎಳೆಯಲ್ಲಿ ಜನ, ಕುದುರೆ, ನವಿಲು. ಮುಂದೆ ಹೇಗೋ ಹಿಂದೆಯೂ ಹಾಗೇ ಇರಬೇಕು. ಎರಡು ಮುಖ, ಒಂದೇ ಮಾತು. ಎಲ್ಲಿಯೂ ಗಂಟು ಬೀಳಬಾರದು, ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ನುಸುಳಿಸಿ ಮುಗಿಸಬೇಕು. ಬೂಆಳ ಬಟ್ಟೆಯಲ್ಲಿ ಗಂಟಿಲ್ಲ, ಬ್ಯಾಂಕಿನಲ್ಲೂ ಗಂಟಿಲ್ಲ, ಬ್ರಹ್ಮ ಹಾಕಬೇಕಾಗಿದ್ದ ಗಂಟಂತೂ ಹಾಕುವಷ್ಟರಲ್ಲೇ ಸಡಿಲವಾಯಿತು.

ನಾನು ಡಾಲ್‌ಹೌಸಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್‌ಗಳು ಕ್ರಾಸ್ ಸ್ಟಿಚ್ ಕಲಿಸಿದರು. ಯೇಸುವಿಗೆ ಒಂದೇ ಶಿಲುಬೆ, ನನಗೆ ದಿಂಬಿನ ಚೀಲದ ತುಂಬ. ರಜೆಗೆ ಬಂದಾಗ ಹೆಮ್ಮೆಯಿಂದ ತೋರಿಸಿದೆ. ಬೂಆ ಅದನ್ನು ತಿರುಗಿಸಿ ಬೆನ್ನು ನೋಡಿ, "ಮುಂದೆ ಮೇಮ್‌ಸಾಹೇಬ್ರು, ಹಿಂದೆ ಕೋಳಿ ಕೆದರಿದ ತಿಪ್ಪೆ" ಅಂದಳು. ನಾನು ಮುಂದೆ ಪಾಠ ಹೇಳುವ ಕಸುಬು ಹಿಡಿದೆ. ಅಲ್ಲಿ ಯಾರೂ ತಿರುಗಿಸಿ ನೋಡುವುದಿಲ್ಲ.

ಹತ್ತು ಗಂಟೆಗೆಲ್ಲ ಕರೆಂಟು ಹೋಯಿತು. ಹಿಮ ಬಂದರೆ ಊರಿಗೆ ಬೇರೆಯೇ ಒಂದು ಸದ್ದಿಲ್ಲದಿರುವಿಕೆ ಬರುತ್ತದೆಂದು ನಾನು ಕೇಳಿದ್ದೆ, ಅನುಭವಿಸಿದ್ದು ಅಂದೇ. ಬಸ್ಸಿನ ಹಾರನ್ನು, ದೇವಸ್ಥಾನದ ಗಂಟೆ, ಪಕ್ಕದ ಮನೆಯ ಕುಕ್ಕರು ಎಲ್ಲವೂ ಎಲ್ಲೋ ಕಂಬಳಿಯೊಳಗಿನಿಂದ ಕೇಳುವಂತಿತ್ತು. ಬೂಆ ಕಂಚಿನ ಬಟ್ಟಲು ಹೊರಗಿಟ್ಟು ಹೊಸ ಹಿಮ ಹಿಡಿದಳು. ಅದರ ಮೇಲೆ ಬೆಲ್ಲದ ಪಾಕ ಸುರಿದು ನನಗೊಂದು ಚಮಚ, ತನಗೊಂದು ಚಮಚ ತೆಗೆದುಕೊಂಡು ಅಂಗೀಠಿಯ ಕೆಂಡದ ಮುಂದೆ ಕೂತಳು. ಹೊಟ್ಟೆಗೆ ಹಿಮ, ಮೊಣಕಾಲಿಗೆ ಬೆಂಕಿ.

ಆಗಲೇ ಪ್ಯಾರ್ ಸಿಂಗ್ ಬಂದದ್ದು. ಮೇಲಿನ ಮೊಹಲ್ಲಾದ ಹಳೆಯ ಹವೇಲಿಯೊಂದರಲ್ಲಿ ರಾಜವಂಶದ ಕವಲಾದ ಮಿಯಾಂ ಮನೆತನದವರು ಒಂದು ಪುಟ್ಟ ಚಿತ್ರಶಾಲೆ ಮಾಡಿದ್ದಾರೆ. ಅಜ್ಜಂದಿರು ಕೂಡಿಟ್ಟ ಚಿತ್ರಗಳು, ಪಲ್ಲಕ್ಕಿ, ಕತ್ತಿ, ಬಟ್ಟೆಬರೆ. ಊರವರು ಅದನ್ನು ಅಜಾಯಬ್ ಘರ್ ಅನ್ನುತ್ತಾರೆ, ಒಳಗೆ ಹೋಗುವುದಿಲ್ಲ. ಅದರ ಕಾವಲುಗಾರ ಪ್ಯಾರ್ ಸಿಂಗ್. ಜಗತ್ತಿನ ಕವಿಗಳೆಲ್ಲ ಹುಡುಕಿ ಸುಸ್ತಾದ ಪ್ಯಾರ್ ನಮ್ಮೂರಲ್ಲಿ ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಕೋಲು ಹಿಡಿದು ಬಾಗಿಲಲ್ಲಿ ನಿಂತಿರುತ್ತದೆ.

"ಬೂಆ ಜೀ, ಎರಡು ಕೆಂಡ ಕೊಡಿ. ನನ್ನ ಅಂಗೀಠಿ ಆರಿಹೋಯ್ತು."

"ತಗೋ. ಜೊತೆಗೆ ಸುದ್ದಿ ಏನಾದ್ರೂ ತಂದಿದ್ದೀಯಾ, ಬರೀ ಕೈಯಲ್ಲಿ ಬಂದ್ಯಾ?"

ಪ್ಯಾರ್ ಸಿಂಗ್ ಇಕ್ಕಳದಲ್ಲಿ ಕೆಂಡ ಆರಿಸುತ್ತ, ತಲೆ ಎತ್ತದೆಯೇ ಹೇಳಿದ. "ಹರಬಂಸ್ ಅವರ ಮನೆಯಿಂದ ಒಂದು ರೂಮಾಲು ಬಂದಿದೆ. ಮದುವೆ ಮಂಟಪದ್ದು. ಮೇಜಿನ ಮೇಲೆ ಹಾಸಿಟ್ಟಿದ್ದಾರೆ. ಸೋಮವಾರ ಪಠಾಣ್‌ಕೋಟಿನಿಂದ ಗಾಜಿನೋನು ಬಂದು ಚೌಕಟ್ಟು ಹಾಕ್ತಾನೆ. ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ. ನಿಮಗೆ ಹೇಳ್ಬೇಕು ಅನ್ನಿಸ್ತು."

ಬೂಆಳ ಚಮಚ ಬಟ್ಟಲಿನಲ್ಲೇ ನಿಂತಿತು. ಕೆಂಡ ಕೇಳಿದವನಿಗೆ ಮೂರು ಅಖರೋಟನ್ನೂ ಕೊಟ್ಟು ಕಳಿಸಿದಳು. ನಮ್ಮ ಬೂಆ ಕೇಳದೆ ಏನನ್ನಾದರೂ ಕೊಟ್ಟರೆ ಮನಸ್ಸು ಎಲ್ಲೋ ಇದೆ ಎಂದರ್ಥ.

ಆ ಮನಸ್ಸು ಎಲ್ಲಿದೆಯೆಂದು ಮೊಹಲ್ಲಾಕ್ಕೆಲ್ಲ ಗೊತ್ತು. ನಮ್ಮ ಮನೆತನದಲ್ಲಿ ಹುಡುಗಿ ತನ್ನ ಮದುವೆಯ ರೂಮಾಲನ್ನು ತಾನೇ ಮಾಡಬೇಕು. ಮಂಟಪ, ಬಾಳೆಗಿಡ, ಡೋಲಿನವರು, ಕುದುರೆ, ಹೆಣ್ಣು, ಗಂಡು, ಎಲ್ಲವನ್ನೂ ಮುಗಿಸಬೇಕು. ಗಂಡಿನ ಕಣ್ಣು ಮಾತ್ರ ಬಿಡಬೇಕು. ನಮ್ಮ ಬೆಟ್ಟದ ಚಿತ್ರಗಳಲ್ಲಿ ಎಲ್ಲರೂ ಪಕ್ಕಕ್ಕೆ ಮುಖ ಮಾಡಿ ನಿಲ್ಲುವವರಾದ್ದರಿಂದ ಬಿಡಬೇಕಾದದ್ದು ಒಂದೇ ಕಣ್ಣು. ರೂಮಾಲು ಹರಿವಾಣದ ಹೊದಿಕೆಯಾಗಿ ಮುಂಚೆ ಗಂಡಿನ ಮನೆ ಸೇರುತ್ತದೆ, ಹುಡುಗಿ ಆಮೇಲೆ. ಮೊದಲ ಬೆಳಿಗ್ಗೆ ಅವಳು ಅತ್ತೆಯ ಎದುರು ಕೂತು ಕರಿ ರೇಷ್ಮೆಯಲ್ಲಿ ಅವನಿಗೆ ಕಣ್ಣು ತುಂಬುತ್ತಾಳೆ. ಅಲ್ಲಿಯವರೆಗೆ ಅವನು ಅವಳನ್ನು ನೋಡೇ ಇಲ್ಲ ಎಂದು ಲೆಕ್ಕ. ಬೂಆಳಿಗೆ ಗೊತ್ತುಮಾಡಿದ್ದ ಗಂಡು ಹರಬಂಸ್, ಊರ ನಡುವಿನ ಚೌಗಾನ್ ಮೈದಾನದಲ್ಲಿ ಕ್ರಿಕೆಟ್ ಆಡುವ ನೆಪದಲ್ಲಿ ದಿನವೂ ನಮ್ಮ ಕಿಟಕಿ ನೋಡುತ್ತಿದ್ದನಂತೆ, ಚೆಂಡು ಒಮ್ಮೆಯೂ ಅವನ ಬ್ಯಾಟಿಗೆ ತಗಲಲಿಲ್ಲವಂತೆ. ಆದರೂ ಲೆಕ್ಕ ಲೆಕ್ಕವೇ.

ರೂಮಾಲು ಹೋಯಿತು. ಮದುವೆಗೆ ವಾರವಿದ್ದಾಗ ನಮ್ಮ ಮನೆಯಲ್ಲಿ ಧಾಮ್ ಊಟ. ಪಂಕ್ತಿಯಲ್ಲಿ ಹರಬಂಸನ ಸೋದರಮಾವನ ಎಲೆಗೆ ಮೊಸರಿನ ಮದ್ರಾ ಬೀಳುವ ಮೊದಲೇ ಯಾರೋ ಹುಳಿಯ ಖಟ್ಟಾ ಬಡಿಸಿಬಿಟ್ಟರು. ಕೊನೆಗೆ ಬರಬೇಕಾದದ್ದು ಮೊದಲು ಬಂತು, ಅಂದರೆ ಬೇಗ ಎದ್ದು ಹೋಗು ಅಂದಹಾಗೆ ಎಂದು ಆತ ಅರ್ಥಮಾಡಿಕೊಂಡು ನಿಜವಾಗಿಯೂ ಎದ್ದುಬಿಟ್ಟ. ಪಂಕ್ತಿಯ ನಡುವೆ ಏಳುವುದು ನಮ್ಮಲ್ಲಿ ಬಡಿಸಿದವರ ಮುಖಕ್ಕೆ ಉಗಿದ ಹಾಗೆ. ನನ್ನ ಅಜ್ಜ, ತಮ್ಮ ಪಂಕ್ತಿಯಲ್ಲಿ ಕೂರಲಾರದವರು ತಮ್ಮ ಮಂಟಪದಲ್ಲೂ ಕೂರಬೇಕಾಗಿಲ್ಲ ಅಂದರು. ಹುಳಿಯಿಂದ ಶುರುವಾದದ್ದು ಹುಳಿಯಲ್ಲೇ ಮುಗಿಯಿತು. ಹರಿವಾಣ ವಾಪಸು ಬಂತು, ಅದರಲ್ಲಿಟ್ಟು ಕಳಿಸಿದ್ದ ಅಖರೋಟು ಕೂಡ ವಾಪಸು ಬಂದವು. ರೂಮಾಲು ಬರಲಿಲ್ಲ. ಕೇಳಬೇಕೆಂದರೆ ಮಾತಾಡಬೇಕು, ಮಾತಾಡುವವರು ಯಾರೂ ಉಳಿದಿರಲಿಲ್ಲ. ಮುಂದಿನ ವರ್ಷ ಹರಬಂಸ್ ಪಾಂಗಿ ಕಣಿವೆಯ ರಾಮ್‌ದೇಯಿ ಎಂಬ ಹುಡುಗಿಯನ್ನು ಮದುವೆಯಾದ. ವಯಸ್ಸಾದ ಮೇಲೆ ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡು, ಈಚೆಗೆ ತೀರಿಕೊಂಡ.

"ಗಂಡ ಹೋದದ್ದಕ್ಕೆ ನನಗೆ ಬೇಜಾರಿಲ್ಲ," ಎಂದು ಬೂಆ ಹಿಂದೆಲ್ಲ ಹೇಳುತ್ತಿದ್ದಳು. "ಗಂಡಂದಿರು ಎಲ್ಲರ ಮನೇಲೂ ಇದ್ದಾರೆ, ನೋಡ್ತೀನಲ್ಲ. ಕೆಲಸ ಅರ್ಧ ಬಿಟ್ಟೆ ನೋಡು, ಅದೊಂದು. ನನ್ನ ಕೈ ಬಿಟ್ಟ ಬಟ್ಟೆ ಯಾವುದೂ ಅರ್ಧ ಇಲ್ಲ, ನನ್ನದೇ ಅರ್ಧ ಇದೆ."

ಈಗ ಅವಳ ಎರಡು ಕಣ್ಣಲ್ಲೂ ಪೊರೆ. ಸೂಜಿಗೆ ದಾರ ನಾನೇ ಪೋಣಿಸಿಕೊಡಬೇಕು. ಸೋಮವಾರ ಗಾಜು ಬೀಳುತ್ತದೆ.

ಪ್ಯಾರ್ ಸಿಂಗ್ ಹೋದ ಮೇಲೆ ಬೂಆ ಟ್ರಂಕಿನಿಂದ ಕರಿ ರೇಷ್ಮೆಯ ಲಡಿ ತೆಗೆದಳು. ಹಳೆಯ ದಿಂಬಿನ ಚೀಲವೊಂದನ್ನು ಮಡಿಲಲ್ಲಿ ಹರಡಿ, "ದಾರ ಹಾಕ್ಕೊಡು ಮಿಠ್ಠೋ" ಅಂದಳು.

"ಏನು ಮಾಡ್ತಿದ್ದೀಯ?"

"ಕಣ್ಣು."

"ಯಾರದ್ದು?"

"ನಿನ್ನದಲ್ಲ, ಗಾಬರಿ ಆಗ್ಬೇಡ."

ಮಧ್ಯಾಹ್ನವೆಲ್ಲ ಅವಳು ಕಣ್ಣು ಮಾಡಿದಳು. ಮೀನಿನಾಕಾರದ ಒಂದು ಗೆರೆ, ನಡುವೆ ಎಳ್ಳಿನಷ್ಟು ಕರಿ. ಹೊರಗೆ ಹಿಮ ಬೀಳುತ್ತಲೇ ಇತ್ತು, ಒಳಗೆ ಬಿಳಿಯ ಬಟ್ಟೆಯ ಮೇಲೆ ಒಂದೊಂದೇ ಕಣ್ಣು ತೆರೆಯುತ್ತ ಹೋಯಿತು. ಅಂಗೀಠಿಯ ಬಿಸಿಗೆ ನನಗೆ ಜೋಂಪು ಹತ್ತಿತು. ಅರೆನಿದ್ದೆಯಲ್ಲಿ, ಬೀಳುತ್ತಿರುವ ಹಿಮದ ಚೂರಿಗೆಲ್ಲ ಕಣ್ಣಿದ್ದಂತೆ, ಊರಿನ ಸೂರುಗಳನ್ನೆಲ್ಲ ಅವು ನಿಧಾನ ನೋಡುತ್ತ ಇಳಿಯುತ್ತಿದ್ದಂತೆ ಕಂಡಿತು. ಎಚ್ಚರಾದಾಗ ದಿಂಬಿನ ಚೀಲದ ತುಂಬ ಕಣ್ಣು. ಕೆಲವು ಸಿಟ್ಟಿನವು, ಕೆಲವು ನಿದ್ದೆಯವು, ಒಂದಂತೂ ನಮ್ಮ ಹೆಡ್‌ಮಿಸ್ಟ್ರೆಸ್ಸಿನದೇ.

"ಯಾವುದು ಚೆನ್ನಾಗಿದೆ?" ಬೂಆ ಕೇಳಿದಳು.

"ಬೂಆ, ಅಜಾಯಬ್ ಘರ್‌ನಲ್ಲಿ ಇಟ್ಟ ವಸ್ತುವಿಗೆ ಸೂಜಿ ಹಾಕೋದು ಅಪರಾಧ ಆಗುತ್ತೆ."

"ಸೋಮವಾರದಿಂದ ತಾನೇ? ನಾಳೆ ಭಾನುವಾರ."

ಭಾನುವಾರ ಬೆಳಿಗ್ಗೆ ಹಿಮ ನಿಂತಿತ್ತು, ಆದರೆ ಆಕಾಶ ಇನ್ನೂ ಮನಸ್ಸು ಮಾಡಿರಲಿಲ್ಲ. ಊರಿಗೆ ಊರೇ ಚಿಕ್ಕಮಕ್ಕಳಾಗಿತ್ತು. ಚೌಗಾನಿನಲ್ಲಿ ಬ್ಯಾಂಕಿನ ಮ್ಯಾನೇಜರು ವಕೀಲರಿಗೆ ಹಿಮದ ಉಂಡೆ ಎಸೆಯುತ್ತಿದ್ದರು, ವಕೀಲರು ಆಕ್ಷೇಪಣೆ ಇಲ್ಲದೆ ಸ್ವೀಕರಿಸುತ್ತಿದ್ದರು. ನಾನು ದಪ್ಪ ಬೂಟು ಹಾಕಿಕೊಂಡು ಹೆಜ್ಜೆಗೊಮ್ಮೆ ಜಾರುತ್ತಿದ್ದೆ. ಬೂಆ ಉಣ್ಣೆಯ ಕಾಲುಚೀಲದ ಮೇಲೆ ಚಂಬಾ ಚಪ್ಪಲಿ ಮೆಟ್ಟಿಕೊಂಡು, ಪಟ್ಟು ಎಂಬ ದಪ್ಪ ಶಾಲು ಹೊದ್ದು, ಮೇಲಿನ ಮೊಹಲ್ಲಾದ ಮೆಟ್ಟಿಲನ್ನು ಒಂದೊಂದಾಗಿ ಏರುತ್ತಿದ್ದಳು. ದಾರ ಪೋಣಿಸಿದ ಸೂಜಿ ಅವಳ ಉಣ್ಣೆ ಟೋಪಿಯಲ್ಲಿತ್ತು, ಪುಟ್ಟ ಕತ್ತರಿ ನನ್ನ ಜೇಬಿನಲ್ಲಿ. ಆಯುಧ ಹಂಚಿಕೊಂಡು ಹೊರಟವರ ಹಾಗಿದ್ದೆವು.

ತಿರುವಿನಲ್ಲಿ ಮಿಠಾಯಿ ಅಂಗಡಿಯ ಮಲಿಕ್‌ರಾಮ್ ಅಂಗಡಿಯ ಮುಂದಿನ ಹಿಮ ಗುಡಿಸುತ್ತ ನಿಂತಿದ್ದ.

"ಎಲ್ಲಿಗೆ ಬೂಆ ಜೀ, ಈ ಹಿಮದಲ್ಲಿ? ದಿಬ್ಬಣ ಹೊರಟ ಹಾಗಿದೆ."

"ದಿಬ್ಬಣವೇ. ಗಂಡಿನ ಕಡೆಯೋರು ಸ್ವಲ್ಪ ತಡ ಮಾಡಿದ್ರು, ಅಷ್ಟೆ."

ಅವನು ನಕ್ಕ. ಬೂಆ ನಗಲಿಲ್ಲ.

ಹವೇಲಿಯ ಬಾಗಿಲಲ್ಲಿ ಪ್ಯಾರ್ ಸಿಂಗ್ ಅಂಗೀಠಿ ಅಪ್ಪಿಕೊಂಡು ಕೂತಿದ್ದ. ನೋಡುವವರು ಬೇರೆ ಯಾರೂ ಇರಲಿಲ್ಲ. ಅವನು ಬೂಆಳ ಟೋಪಿಯನ್ನು ನೋಡಿದ, ಅಲ್ಲಿ ಹೊಳೆಯುತ್ತಿದ್ದುದನ್ನೂ ನೋಡಿದ. ಆಮೇಲೆ ಗೋಡೆ ನೋಡಿದ.

"ಬೂಆ ಜೀ, ನಾನು ಕೆಳಗೇ ಇರ್ಲಾ, ಮೇಲೆ ಬರ್ಲಾ?"

"ಮೇಲೇ ಬಾ. ಕದ್ದು ಮಾಡೋ ಕೆಲಸ ಅಲ್ಲ ಇದು."

ಒಳಕೋಣೆ ಉದ್ದಕ್ಕಿತ್ತು, ಗೋಡೆಯ ತುಂಬ ಅಂಗೈಯಗಲದ ಚಿತ್ರಗಳು. ಕರೆಂಟಿರಲಿಲ್ಲ. ಪ್ಯಾರ್ ಸಿಂಗ್ ಕಿಟಕಿಯ ಬಾಗಿಲು ತೆಗೆದ. ಎದುರಿನ ಸೂರುಗಳ ಹಿಮದಿಂದ ಒಂದು ನೀಲಿಬೆಳಕು ಒಳಗೆ ಬಂತು. ದೀಪದ ಬೆಳಕು ವಸ್ತುಗಳ ಮೇಲೆ ಬೀಳುತ್ತದೆ. ಇದು ವಸ್ತುಗಳೊಳಗಿಂದಲೇ ಬಂದ ಹಾಗಿತ್ತು. ಮೇಜಿನ ಮೇಲೆ ರೂಮಾಲು ಮಲಗಿತ್ತು. ಕೆಂಪು ಮಂಟಪ, ಹಸಿರು ಬಾಳೆ, ಹಳದಿ ಕುದುರೆ, ಕಾಲ ಕಳೆದು ಬಣ್ಣ ತುಸು ಮಾಗಿತ್ತು, ಅಷ್ಟೆ. ಅದನ್ನು ಮಾಡಿದ ಹುಡುಗಿಯನ್ನು ನಾನು ನೋಡಿದವಳಲ್ಲ. ಮಾಡಿದ ಕೈ ಮಾತ್ರ ನನ್ನ ಪಕ್ಕದಲ್ಲಿ ಶಾಲಿನೊಳಗಿಂದ ಹೊರಬಂತು.

ಬೂಆ ನೋಡಲು ಬಾಗಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಬಟ್ಟೆಯ ಮೇಲೆ, ಉಳಿದ ಬೆರಳನ್ನು ಅಡಿಗೆ ಹಾಕಿ ಮೆಲ್ಲಗೆ ಸರಿಸಿಕೊಂಡು ಹೋದಳು. ಬಾಳೆ ದಾಟಿತು, ಡೋಲಿನವನು ದಾಟಿದ, ಕುದುರೆ ದಾಟಿತು. ಗಂಡಿನ ಮುಖದ ಹತ್ತಿರ ಬೆರಳು ನಿಂತಿತು.

"ಯಾರೋ ಕೈ ಹಾಕಿದ್ದಾರೆ."

ನಾನು ಬಾಗಿ ನೋಡಿದೆ. ಮದುಮಗನಿಗೆ ಕಣ್ಣಿತ್ತು.

ದೊಡ್ಡ ಕಣ್ಣು, ದಪ್ಪ ದಾರದ್ದು. ಪಾಪೆ ತೀರ ಕೆಳಗಿತ್ತು. ಎದುರಿಗೆ ಕೂತ ಹೆಣ್ಣನ್ನು ಬಿಟ್ಟು ಅವನು ಮೂಲೆಯ ಡೋಲಿನವನನ್ನು ನೋಡುತ್ತಿದ್ದ. ಬೂಆ ಬಟ್ಟೆಯ ಅಂಚನ್ನು ಎತ್ತಿ ತಿರುಗಿಸಿದಳು. ಹಿಂದೆ, ಕಣ್ಣಿರಬೇಕಾದ ಕಡೆ, ಮೆಣಸಿನ ಕಾಳಿನಂಥ ಒಂದು ಗಂಟು.

"ಗಂಟು," ಅಂದಳು. ಮತ್ತೆ ಹೇಳಿದಳು. "ನನ್ನ ಬಟ್ಟೆಗೆ ಗಂಟು ಹಾಕಿದ್ದಾರೆ. ಮೂಟೆ ಹೊಲಿಯೋ ಹಾಗೆ ಹೊಲಿದಿದ್ದಾರೆ. ಕತ್ತರಿ ಕೊಡು ಮಿಠ್ಠೋ."

ನಾನು ಜೇಬಿಗೆ ಕೈ ಹಾಕಿದೆ. ಪ್ಯಾರ್ ಸಿಂಗ್ ಕೆಮ್ಮಿದ.

"ಬೂಆ ಜೀ, ಅದು ರಾಮ್‌ದೇಯಿ ಅವರು ಮಾಡಿದ್ದು. ಬಟ್ಟೆ ಕೊಡೋಕೆ ಬಂದಾಗ ಅವರೇ ಹೇಳಿದ್ರು. 'ಉಳಿದದ್ದೆಲ್ಲ ಬೇರೆ ಕೈಯದ್ದು, ಕಣ್ಣು ಮಾತ್ರ ನನ್ನದು, ಹಿಂದೆ ಗಂಟು ಬಂದಿದೆ, ಯಾರೂ ಬೈಬೇಡಿ' ಅಂದ್ರು."

"ಬೈಯದೆ ಇರ್ತಾರಾ? ಬಂದ ವರ್ಷವೇ ಹಾಕಿರ್ತಾಳೆ. ಬೇರೆಯೋಳ ಬಟ್ಟೆ, ಬೇರೆಯೋಳ ಕೆಲಸ, ಕೂತ್ಕೊಂಡು ಆರಾಮಾಗಿ ಕಣ್ಣು ಹಾಕಿರ್ತಾಳೆ."

"ಇಲ್ಲ ಬೂಆ ಜೀ. ಬಂದಾಗ್ಲೇ ಪೆಟ್ಟಿಗೆಲಿ ನೋಡಿದ್ರಂತೆ. ಹುಡುಗಿ ಯಾವತ್ತಾದ್ರೂ ಕೇಳ್ಕೊಂಡು ಬರ್ತಾಳೆ, ಅವಳದ್ದು ಅವಳಿಗೆ ಕೊಡಬೇಕು ಅಂತ ಹಾಗೇ ಮಡಿಸಿಟ್ಟಿದ್ರಂತೆ. ಯಾರೂ ಬರ್ಲಿಲ್ಲ." ಪ್ಯಾರ್ ಸಿಂಗ್ ಕೋಲನ್ನು ಗೋಡೆಗೆ ಒರಗಿಸಿದ. "ಹರಬಂಸ್ ಜೀಗೆ ಪೂರ್ತಿ ಕಾಣದ ಹಾಗಾಯ್ತಲ್ಲ, ಆಗ ತೆಗೆದ್ರಂತೆ. 'ಮಂಚದ ಮೇಲಿರೋರಿಗೆ ನಾನು ಏನೂ ಮಾಡೋಕಾಗ್ಲಿಲ್ಲ, ಪೆಟ್ಟಿಗೆಲಿರೋರಿಗಾದ್ರೂ ಕಾಣ್ಲಿ ಅಂತ ಹಾಕ್ದೆ' ಅಂದ್ರು. ಅವರಿಗೆ ಕಸೂತಿ ಬರಲ್ಲ. ಪಾಂಗಿಯವರು, ಕಂಬಳಿ ನೇಯೋದು ಗೊತ್ತು."

ಸೂರಿನಿಂದ ಹಿಮದ ಹೆಪ್ಪೊಂದು ಜಾರಿ ಅಂಗಳಕ್ಕೆ ಬಿತ್ತು. ಮೆತ್ತಗೆ, ಯಾರೋ ದಿಂಬು ಹಾಕಿದ ಹಾಗೆ. ಕೋಣೆಯ ನೀಲಿ ಒಂದು ಗಳಿಗೆ ಅಲುಗಾಡಿ ಸರಿಯಾಯಿತು.

ನಾನು ಕತ್ತರಿ ಹಿಡಿದೇ ನಿಂತಿದ್ದೆ. ಬೂಆ ಅದನ್ನು ತೆಗೆದುಕೊಳ್ಳಲಿಲ್ಲ. ಬಟ್ಟೆಯನ್ನು ಒಮ್ಮೆ ಮುಂದೆ ತಿರುಗಿಸಿದಳು, ಒಮ್ಮೆ ಹಿಂದೆ. ಮುಂದೆ ಅವನು ನೋಡುತ್ತಿದ್ದ, ಹಿಂದೆ ಗಂಟುಹಾಕಿಕೊಂಡಿದ್ದ. ಗಂಡಸರ ಸ್ವಭಾವ ಎನ್ನೋಣವೆಂದುಕೊಂಡವಳು ಬೂಆಳ ಮುಖ ನೋಡಿ ಕತ್ತರಿಯನ್ನು ಜೇಬಿಗೆ ಹಾಕಿಕೊಂಡೆ. ಕೊನೆಗೆ ಅವಳು ಟೋಪಿಯಿಂದ ಸೂಜಿ ತೆಗೆದಳು. ನಾನು ಅಷ್ಟು ಜೋಪಾನವಾಗಿ ಪೋಣಿಸಿದ್ದ ಕರಿ ರೇಷ್ಮೆಯನ್ನು ಹಿಡಿದು ಸುಮ್ಮನೆ ಎಳೆದುಹಾಕಿದಳು.

ಖಾಲಿ ಸೂಜಿಯ ತುದಿಯಿಂದ ಅವಳು ಗಂಟನ್ನು ಬಿಡಿಸತೊಡಗಿದಳು.

ಅದು ಸುಲಭದ ಗಂಟಾಗಿರಲಿಲ್ಲ. ಕಂಬಳಿ ನೇಯುವ ಕೈ ಬಿಗಿದದ್ದು, ಬಿಚ್ಚಬಾರದೆಂದೇ ಬಿಗಿದದ್ದು. ಬೂಆ ಮೂಗು ಬಟ್ಟೆಗೆ ತಾಗುವಷ್ಟು ಬಾಗಿ, ಬಾಯೊಳಗೇ ರಾಮ್‌ದೇಯಿಯನ್ನು ಬೈಯುತ್ತ, ಎಳೆಯಿಂದ ಎಳೆ ಬಿಡಿಸಿದಳು. ನಾನು ಸಹಾಯಕ್ಕೆ ಕೈಚಾಚಿದರೆ "ನಿನ್ನ ಕೋಳಿ ಇಲ್ಲಿಗೆ ಬಿಡ್ಬೇಡ" ಅಂದಳು. ಪ್ಯಾರ್ ಸಿಂಗ್ ಅಂಗೀಠಿ ತಂದು ಅವಳ ಕಾಲ ಹತ್ತಿರ ಇಟ್ಟ. ಹೊರಗೆ ಮತ್ತೆ ಹಿಮ ಶುರುವಾಗಿತ್ತು. ಎಷ್ಟು ಹೊತ್ತಾಯಿತೋ, ಗಂಟು ಸಡಿಲಿ ದಾರದ ಒಂದು ಗಿಡ್ಡ ತುದಿ ಎದ್ದು ನಿಂತಿತು. ಬೂಆ ಸೂಜಿಯನ್ನು ಮೊದಲು ಮುಖದ ಹೊಲಿಗೆಯ ಅಡಿಯಲ್ಲಿ ನುಸುಳಿಸಿ, ಸೂಜಿಯ ಕಣ್ಣನ್ನು ಆ ತುದಿಯ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಈಗ ಪೋಣಿಸು. ನನಗೆ ಕಾಣಲ್ಲ."

ಪೋಣಿಸಿದೆ. ಅವಳು ಎಳೆದಳು. ತುದಿ ಒಳಗೆ ಹೋಗಿ ಕಾಣದಾಯಿತು.

ಬಟ್ಟೆಯನ್ನು ಒಮ್ಮೆ ಮುಂದೆ ತಿರುಗಿಸಿ ಮತ್ತೆ ಹಿಂದೆ ತಿರುಗಿಸಿದಳು. ಮುಚ್ಚಿಕೊಂಡಿದ್ದ ಗಂಟು ಹೋಗಿ ಹಿಂದೆಯೂ ಅವನಿಗೆ ಕಣ್ಣು ಬಂದಿತ್ತು, ಅದೇ ದಪ್ಪದ್ದು, ಅದೇ ಓರೆಯದ್ದು.

"ಅವನು ಡೋಲಿನೋನನ್ನೇ ನೋಡ್ತಿದ್ದಾನಲ್ಲ ಬೂಆ," ಅಂದೆ. "ಹೆಣ್ಣಿನ ಕಡೆಗೆ ಸ್ವಲ್ಪ ತಿರುಗಿಸ್ಬಾರ್ದಿತ್ತಾ? ಎರಡು ಹೊಲಿಗೆ ಸಾಕಿತ್ತು."

"ಅವನಿಗೆ ಡೋಲು ಇಷ್ಟ ಇತ್ತೋ ಏನೋ. ನನಗೆ ಹೇಗೆ ಗೊತ್ತಾಗ್ಬೇಕು? ಜೊತೇಲಿ ಇದ್ದೋಳು ಅವಳು." ಹೆಬ್ಬೆರಳಿನಿಂದ ಇನ್ನೊಮ್ಮೆ ಅಂಚಿನಿಂದ ಅಂಚಿಗೆ ಸವರಿದಳು. ಎಲ್ಲಿಯೂ ತಡೆಯಲಿಲ್ಲ. "ಪ್ಯಾರ್ ಸಿಂಗ್, ನಾಳೆ ಗಾಜು ಹಾಕ್ಸು. ರಾಮ್‌ದೇಯಿ ಸಿಕ್ಕಿದ್ರೆ ಹೇಳು, ಯಾರೂ ಬೈಲಿಲ್ಲ ಅಂತ."

"ಇಷ್ಟು ಹೊತ್ತೂ ಬೈದ್ರಲ್ಲ ಬೂಆ ಜೀ."

"ಅದು ದಾರಕ್ಕೆ."

ಹೊರಡೋಣವೆಂದು ನಾನು ಬೂಟಿನ ದಾರ ಬಿಗಿದುಕೊಂಡೆ. ಬೂಆ ಆಗಲೇ ಗೋಡೆಯ ಕಡೆ ಹೋಗಿದ್ದಳು. ಹುಟ್ಟಿದ ಊರಿನ ಚಿತ್ರಶಾಲೆಯನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಒಂದೊಂದು ಚಿತ್ರದ ಮುಂದೆಯೂ ನಿಂತು, ಮೂಗು ತಾಗುವಷ್ಟು ಹತ್ತಿರ ಹೋಗಿ, ಆಮೇಲೆ ಹಿಂದೆ ಸರಿದು, ನೆಂಟರ ಮನೆಯ ಮದುವೆಯಲ್ಲಿ ಹೆಂಗಸರ ಸೀರೆ ನೋಡುವ ಹಾಗೆ ನೋಡಿದಳು. ಆನೆಯ ಮೇಲಿನ ರಾಜನಿಗೆ ಗಲ್ಲ ಸಾಲದು. ಕೃಷ್ಣನ ಹಸು ನಮ್ಮ ಹಾಲಿನವನ ಹಸುವಿಗಿಂತ ಚೆನ್ನಾಗಿ ತಿಂದಿದೆ. ಪ್ಯಾರ್ ಸಿಂಗ್ ಹಿಂದೆ ಹಿಂದೆ ನಡೆದು ಎಲ್ಲಕ್ಕೂ ಹೂಂಗುಟ್ಟಿದ. ಇಷ್ಟು ವರ್ಷ ಕಾವಲು ಕಾದರೂ ಅವನೂ ಮೊದಲ ಸಲ ನೋಡುತ್ತಿದ್ದನೆಂದು ನನಗೆ ಅನುಮಾನ.

ಕೊನೆಯ ಕಿಟಕಿಯ ಪಕ್ಕ ಒಂದು ಚಿತ್ರವಿತ್ತು. ಮಹಡಿಯ ಮೇಲೆ ಒಬ್ಬಳು ಒಂಟಿಯಾಗಿ ನಿಂತಿದ್ದಳು, ಬಾಗಿಲು ತೆರೆದಿತ್ತು, ಹಾಸಿಗೆ ಹಾಸಿತ್ತು, ಬರಬೇಕಾದವನು ಬಂದಿರಲಿಲ್ಲ. ಬೂಆ ಅಲ್ಲಿ ಬಹಳ ಹೊತ್ತು ನಿಂತಳು. ಕಿಟಕಿಯಾಚೆ ಹಿಮ, ಚಿತ್ರದಲ್ಲಿ ಬೆಳದಿಂಗಳು, ಎರಡರ ನಡುವೆ ಅವಳ ಬಿಳಿ ತಲೆ.

"ಇವಳು ಎಷ್ಟು ಹೊತ್ತಿಂದ ನಿಂತಿದ್ದಾಳೆ?"

"ಇನ್ನೂರು ವರ್ಷ ಆಗಿರಬೇಕು ಬೂಆ."

"ಕಾಲು ನೋಯಲ್ವಾ?" ಅಂದ ಬೂಆ ಚಿತ್ರಕ್ಕೆ ಇನ್ನಷ್ಟು ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ ಹೇಳಿದಳು. "ಹಾಸಿಗೆ ಹಾಸಿದೆಯಲ್ಲಮ್ಮ, ಹೋಗಿ ಮಲಗು. ಚಳಿ ಇದೆ."